ಬಾಲ ನೆಲಕ್ಕೆ ತಾಗಬಾರದು

ದೀಪಾವಳಿಗೆ ಸುಣ್ಣ ಬಳಿಯುವ ಹೊತ್ತಿಗೆ ಪ್ರತಿವರ್ಷ ಆನಗೋಡಿನ ಅಕ್ಕನ ಮನೆಯ ಅಟ್ಟದಿಂದ ಒಂದು ತಗಡಿನ ಟ್ರಂಕು ಕೆಳಗಿಳಿಯುತ್ತದೆ. ಅದರ ಮುಚ್ಚಳ ತೆಗೆದು ಅಕ್ಕ, ‘ಈ ಸಲ ಇವನ್ನೆಲ್ಲ ತೂಕಕ್ಕೆ ಹಾಕ್ಬಿಡ್ತೀನಿ ನೋಡು ತಮ್ಮಾ’ ಅನ್ನುತ್ತಾಳೆ. ಸುಣ್ಣ ಒಣಗಿದ ಮೇಲೆ ಟ್ರಂಕು ಮತ್ತೆ ಅಟ್ಟಕ್ಕೆ ಹೋಗುತ್ತದೆ. ಒಳಗಿರುವುದು ನನ್ನ ಸೋದರಳಿಯ ಆರನೇ ವಯಸ್ಸಿನಿಂದ ಬರೆದ ಚಿತ್ರಗಳ ಹದಿನಾಲ್ಕು ನೋಟ್‌ಬುಕ್ಕುಗಳು. ಹದಿನಾಲ್ಕರಲ್ಲೂ ಡೈನೋಸಾರುಗಳೇ. ಐದನೆಯದೊಂದು ಬಿಟ್ಟು, ಅದರ ಕತೆ ಬೇರೆ.

2024ರ ದೀಪಾವಳಿಗೆ ಹೋದಾಗ ನಾನು ಅವನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಹರಡಿಕೊಂಡು ಕೂತೆ. ಹರಿಹರದ ಹೈಸ್ಕೂಲೊಂದರಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ದಾವಣಗೆರೆಯಲ್ಲಿ 1964ರಲ್ಲಿ ಶುರುವಾದ ಚಿತ್ರಕಲೆಯ ಕಾಲೇಜಿನಲ್ಲಿ ಕಲಿತವನು. ಮಕ್ಕಳ ಚಿತ್ರ ನೋಡಿ ಅಂಕ ಹಾಕುವುದು ಇಪ್ಪತ್ತು ವರ್ಷದಿಂದ ನನ್ನ ಹೊಟ್ಟೆಪಾಡು. ಆದರೆ ಒಂದೇ ಮಗುವಿನ ಕೈ ಹತ್ತು ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಒಟ್ಟಿಗೆ ನೋಡುವ ಅವಕಾಶ ಮೇಷ್ಟ್ರುಗಳಿಗೆ ಸಿಗುವುದಿಲ್ಲ. ನಮ್ಮ ಕೈಗೆ ಬರುವುದು ಮೂರು ವರ್ಷದ ಮಕ್ಕಳು. ಆಮೇಲೆ ಅವರು ಹೋಗುತ್ತಾರೆ.

ಮೊದಲ ಪುಸ್ತಕ 2014ರದು. ಮೊದಲ ಪುಟದಲ್ಲಿ ಎಮ್ಮೆಯಂಥದ್ದೊಂದು ನಿಂತಿದೆ. ಬೆನ್ನ ಮೇಲೆ ಗರಗಸ. ನಾಲ್ಕು ಕಂಬದಂಥ ಕಾಲುಗಳು ಹೊಟ್ಟೆಯ ಕೆಳಗೆ ಒಂದೇ ಸಾಲಿನಲ್ಲಿ. ಅದರ ಪಕ್ಕ ಅಕ್ಕನ ಮನೆ, ಮನೆಯ ಮೇಲೆ ಸೂರ್ಯ, ಹೆದ್ದಾರಿಯಲ್ಲಿ ದಾವಣಗೆರೆಗೆ ಹೋಗುವ ಕೆಂಪು ಬಸ್ಸು. ಪ್ರಾಣಿ ನಗುತ್ತಿದೆ. ಬಾಯಿ ತುಂಬ ಹಲ್ಲು, ಎಣಿಸಿದೆ, ನಲವತ್ತಮೂರು. ಕಾಲುಗಳಿಗೂ ನೆಲಕ್ಕೂ ನಡುವೆ ಒಂದು ಬೆರಳು ಜಾಗ ಖಾಲಿ, ಹಾಗಾಗಿ ಅಷ್ಟು ದೊಡ್ಡ ದೇಹ ಬಲೂನಿನಂತೆ ತೇಲುತ್ತದೆ.

ಡೈನೋಸಾರ್ ಎಂಬ ಹೆಸರನ್ನು 1842ರಲ್ಲಿ ಇಟ್ಟವನು ಇಂಗ್ಲೆಂಡಿನ ರಿಚರ್ಡ್ ಓವೆನ್. ಭಯಂಕರವಾದ ಹಲ್ಲಿ ಎಂದು ಅದರ ಅರ್ಥ. ಆ ‘ಹಲ್ಲಿ’ ಅನ್ನುವ ಪದದಿಂದಲೇ ಅರ್ಧ ತಪ್ಪು ಕಲಿತೆವೇನೋ ಅನಿಸುತ್ತದೆ. ಹಲ್ಲಿಯ ಕಾಲು ಮೈಯಿಂದ ಪಕ್ಕಕ್ಕೆ ಚಾಚಿರುತ್ತದೆ. ಡೈನೋಸಾರುಗಳದು ಹಾಗಲ್ಲ, ಎಮ್ಮೆಯಂತೆ, ಆನೆಯಂತೆ ನೆಟ್ಟಗೆ ಮೈ ಕೆಳಗೇ ಇದ್ದ ಕಾಲು. ಆರು ವರ್ಷದ ಹುಡುಗ ಹಲ್ಲಿ ನೋಡಿ ಬರೆಯಲಿಲ್ಲ, ಕೊಟ್ಟಿಗೆಯ ಎಮ್ಮೆ ನೋಡಿ ಬರೆದ. ಹಾಗಾಗಿ ಅವನ ಕಾಲು ಸರಿಯಾಗಿಯೇ ಬಂದಿತ್ತು. ಅದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನಾಲ್ಕನೇ ಪುಸ್ತಕವನ್ನು ನಾನು ಕೊನೆಗೆ ಬಿಚ್ಚಿದೆ. ಅದರ ನಡುವಿನ ಹಾಳೆಯಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು.

2016ರ ದಸರಾ ರಜೆ. ಅವನಿಗೆ ಎಂಟು ವರ್ಷ. ಇದೇ ಜಗಲಿಯ ಮೇಲೆ ಬೋರಲು ಮಲಗಿ, ಲಾಂಗ್ ನೋಟ್‌ಬುಕ್ಕಿನ ಎರಡೂ ಪುಟ ಬಿಡಿಸಿಕೊಂಡು ಟಿ-ರೆಕ್ಸ್ ಬರೆದಿದ್ದ. ತಲೆ ಎಡಗಡೆಯ ಅಂಚಿಗೆ, ಬಾಲ ನಡುವಿನ ಪಿನ್ನು ದಾಟಿ ಬಲಗಡೆಯ ಅಂಚಿಗೆ. ಬೆನ್ನು ನೆಲಕ್ಕೆ ಸಮಾನಾಂತರ. ನಾನು ನೋಡಿ, ‘ಇದು ಮುಗ್ಗರಿಸಿ ಬೀಳ್ತಾ ಐತಲ್ಲೋ. ಎರಡೇ ಕಾಲಿಂದು, ಮೈ ಎತ್ಕಂಡು ನಿಂತ್ಕಬೇಕು’ ಅಂದೆ. ಜೇಬಿನಲ್ಲಿ ಪೇಪರು ತಿದ್ದುವ ಕೆಂಪು ಬಾಲ್‌ಪೆನ್ನು ಇತ್ತು. ಅವನನ್ನು ಕೇಳಲಿಲ್ಲ. ಅವನ ಗೆರೆಗಳ ಮೇಲೆಯೇ ಎದೆ ಸೆಟೆದು ನಿಂತ ಇನ್ನೊಂದು ಪ್ರಾಣಿ ಬರೆದೆ. ಬಾಲವನ್ನು ಕೆಳಗಿಳಿಸಿ ಮೂರನೇ ಕಾಲಿನಂತೆ ನೆಲಕ್ಕೆ ಊರಿಸಿದೆ. ‘ಈಗ ನೋಡು, ಗಟ್ಟಿ ನಿಂತ್ಕಂತು.’

ಅವನು ಸ್ವಲ್ಪ ಹೊತ್ತು ನೋಡಿ ಕೇಳಿದ: ‘ಮಾಮ, ಬಾಲ ನೆಲಕ್ಕೆ ತಾಗಿದ್ರೆ ಮುಳ್ಳು ಚುಚ್ಚಲ್ವಾ?’

ನಾನು ನಕ್ಕೆ. ಭಾವನೂ ನಕ್ಕರು. ಒಳಗಿನಿಂದ ಅಕ್ಕ ‘ಏನಂತೆ?’ ಅಂತ ಕೇಳಿ, ಹೇಳಿದ ಮೇಲೆ ಅವಳೂ ನಕ್ಕಳು. ಹುಡುಗ ಪುಸ್ತಕ ಮುಚ್ಚಿದ. ಆ ಪುಟದ ನಂತರ ನಾಲ್ಕನೇ ಪುಸ್ತಕದಲ್ಲಿ ಇಪ್ಪತ್ತೆಂಟು ಹಾಳೆಗಳಿವೆ. ಎಲ್ಲವೂ ಖಾಲಿ.

ಎಂಟು ತಿಂಗಳು ಅವನು ಚಿತ್ರ ಬರೆಯಲಿಲ್ಲ. ನನಗೆ ಅದು ಗೊತ್ತಾದದ್ದೂ ತಡವಾಗಿ. ಮಕ್ಕಳ ಆಸೆ ಇವತ್ತು ಡೈನೋಸಾರು, ನಾಳೆ ಕ್ರಿಕೆಟ್ಟು ಅಂದುಕೊಂಡಿದ್ದೆ.

2017ರ ಬೇಸಿಗೆಯಲ್ಲಿ ಆನಗೋಡಿಗೆ ಹೋದದ್ದು ಬೇರೆ ಕಾರಣಕ್ಕೆ. ಬರದ ಮೇಲೆ ಬರ ಬಿದ್ದಿತ್ತು. ಭಾವನ ಎರಡೆಕರೆ ಅಡಿಕೆ ತೋಟದ ಬೋರು ಬತ್ತಿ, ಗಿಡಗಳ ಸುಳಿ ಒಣಗುತ್ತಿತ್ತು. ಸಾಲ ಮಾಡಿ ಹೊಸ ಬೋರು ಕೊರೆಸುತ್ತಿದ್ದರು. ರಾತ್ರಿಯಿಡೀ ಲಾರಿ ಗುಡುಗಿತು. ಬೂದಿಬಣ್ಣದ ಕಲ್ಲಿನ ಪುಡಿ ಹಾರಿ ಎಲ್ಲರ ತಲೆಯೂ ಹಣ್ಣಾದಂತೆ ಕಾಣುತ್ತಿತ್ತು. ಬೆಳಿಗ್ಗೆ ನೋಡಿದರೆ ಹುಡುಗ ಅಕ್ಕನ ಜರಡಿ ಹಿಡಿದು ಆ ಪುಡಿಯನ್ನು ಸೋಸುತ್ತ ಕೂತಿದ್ದ.

‘ಏನ್ ಹುಡುಕ್ತೀಯೋ?’

‘ಐನೂರು ಅಡಿ ಕೆಳಗಿಂದ ಬಂದೈತೆ ಮಾಮ. ಮೂಳೆ ಸಿಗಬೌದು.’

ನಮ್ಮ ಶಾಲೆಯ ವಿಜ್ಞಾನದ ಮೇಡಂ ಹೇಳಿದ್ದು ನೆನಪಿತ್ತು. ದಾವಣಗೆರೆ, ಚಿತ್ರದುರ್ಗದ ಕಡೆಯ ನೆಲದಡಿಯ ಬಂಡೆಗಳು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯವು. ಡೈನೋಸಾರುಗಳು ಹುಟ್ಟಿದ್ದು ಇಪ್ಪತ್ಮೂರು ಕೋಟಿ ವರ್ಷದ ಹಿಂದೆ, ಹಕ್ಕಿಗಳಾಗಿ ಉಳಿದವನ್ನು ಬಿಟ್ಟು ಮಿಕ್ಕವೆಲ್ಲ ಅಳಿದದ್ದು ಆರೂವರೆ ಕೋಟಿ ವರ್ಷದ ಹಿಂದೆ. ಈ ಕಲ್ಲು ಆದಾಗ ಭೂಮಿಯ ಮೇಲೆ ಮೂಳೆ ಎಂಬುದೇ ಇರಲಿಲ್ಲ. ಎಷ್ಟು ಅಗೆದರೂ ಇಲ್ಲಿ ಸಿಗುವುದಿಲ್ಲ ಎಂದೆ. ಅವನ ಮುಖ ಸಣ್ಣದಾಯಿತು. ಆಮೇಲೆ ಒಂದು ಹಿಡಿ ಪುಡಿ ತೆಗೆದುಕೊಂಡು, ‘ಹಂಗಾರೆ ಅವು ಬಂದು ಹೋಗಿದ್ನ ಈ ಕಲ್ಲು ನೋಡೈತಾ?’ ಅಂದ. ಇದಕ್ಕೆ ನಾನು ನಗಲಿಲ್ಲ.

ಬೋರಿನಲ್ಲಿ ನೀರು ಬರಲಿಲ್ಲ. ಭಾವ ಬದುವಿನ ಮೇಲೆ ಕೂತು ಮಧ್ಯಾಹ್ನದವರೆಗೂ ಏಳಲಿಲ್ಲ. ಆ ಮನೆಯಲ್ಲಿ ಆಗ ಮಾತು ಕಡಿಮೆಯಾಗಿತ್ತು. ಹುಡುಗ ಹಿತ್ತಿಲ ಬೇವಿನ ಮರದ ಕೆಳಗೆ ಕೂತು ದಿನವೆಲ್ಲ ಕೋಳಿ ನೋಡುತ್ತಿದ್ದ. ಬೇರೆ ಏನೂ ಮಾಡಲು ಇರಲಿಲ್ಲ. ಐದನೇ ಪುಸ್ತಕ ಅಲ್ಲಿ ಶುರುವಾಯಿತು. ಅದರಲ್ಲಿ ಒಂದೂ ಡೈನೋಸಾರಿಲ್ಲ. ಅರವತ್ತೊಂದು ಕೋಳಿಗಳಿವೆ.

ಮೊದಲ ಹತ್ತು ಕೋಳಿಗಳು ಎಲ್ಲ ಮಕ್ಕಳೂ ಬರೆಯುವಂಥವೇ. ಹನ್ನೊಂದನೆಯದರಿಂದ ಕಾಲು ಮಾತ್ರ. ಕೆದಕುವ ಕಾಲು, ಎತ್ತಿದ ಕಾಲು, ಎತ್ತಿದಾಗ ಮುಷ್ಟಿಯಂತೆ ಮಡಿಚಿಕೊಳ್ಳುವ ಬೆರಳು, ಊರಿದಾಗ ಅಗಲಿಸುವ ಬೆರಳು. ನಡೆಯುವಾಗ ತಲೆ ಮುಂದಕ್ಕೆ ಹೋಗಿ ಒಂದು ಕ್ಷಣ ನಿಲ್ಲುತ್ತದೆ, ಮೈ ಆಮೇಲೆ ಹೋಗಿ ಸೇರಿಕೊಳ್ಳುತ್ತದೆ. ಅದನ್ನು ನಾಲ್ಕು ಸಣ್ಣ ಚಿತ್ರ ಸಾಲಾಗಿ ಬರೆದು ಹಿಡಿದಿದ್ದ. ನಾನು ಕಾಲೇಜಿನಲ್ಲಿ ಐದು ವರ್ಷ ಕಲಿತೆ. ಕೋಳಿಯ ಕಾಲನ್ನು ಹಾಗೆ ಒಂದು ಸಲವೂ ನೋಡಿರಲಿಲ್ಲ.

ಒಂದು ಭಾನುವಾರ ಕೋಳಿ ಸಾರು. ಅವನು ಮೂಳೆಗಳನ್ನು ಯಾರಿಗೂ ಕಡಿಯಲು ಬಿಡಲಿಲ್ಲ. ತೊಳೆದು, ಪೇಪರಿನ ಮೇಲೆ ಜೋಡಿಸಿ ನನ್ನನ್ನು ಕರೆದ. ‘ಮಾಮ, ಕೋಳಿ ಮೊಣಕಾಲು ಹಿಂದಕ್ಕೆ ಮಡಿಚುತ್ತೆ ಅಂದಿದ್ದೆಯಲ್ಲ. ಒಂದು ಕೀಲು ಜಾಸ್ತಿ ಆತು.’ ನಾನು ಎಣಿಸಿದೆ. ಹೌದು, ಜಾಸ್ತಿ ಇತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹರಿಹರಕ್ಕೆ ಹೋದವನೇ ವಿಜ್ಞಾನದ ಮೇಡಂ ಅವರನ್ನು ಕೇಳಿದೆ. ಅವರು ಬೋರ್ಡಿನ ಮೇಲೆ ಬರೆದು ತೋರಿಸಿದರು. ನಾವು ಮೊಣಕಾಲು ಅಂದುಕೊಳ್ಳುವುದು ಕೋಳಿಯ ಹಿಮ್ಮಡಿ. ನಿಜವಾದ ಮೊಣಕಾಲು ಮೇಲೆ, ಗರಿಗಳ ಒಳಗೆ, ನಮ್ಮ ಹಾಗೆ ಮುಂದಕ್ಕೇ ಮಡಿಚುತ್ತದೆ. ಕೋಳಿ ಜೀವಮಾನವಿಡೀ ತುದಿಗಾಲಲ್ಲಿ ನಡೆಯುತ್ತದೆ. ‘ಟಿ-ರೆಕ್ಸೂ ಹೀಗೇ ಸರ್, ಇವೆಲ್ಲ ಒಂದೇ ಮನೆತನ’ ಎಂದು ಮೊಬೈಲಿನಲ್ಲಿ ಅದರ ಅಸ್ಥಿಪಂಜರದ ಫೋಟೊ ತೆಗೆದರು. ನಾನು ಕಾಲು ನೋಡಲಿಲ್ಲ. ಬೆನ್ನು ನೆಲಕ್ಕೆ ಸಮಾನಾಂತರವಾಗಿತ್ತು. ಬಾಲ ಗಾಳಿಯಲ್ಲಿ ನೆಟ್ಟಗಿತ್ತು. ತಕ್ಕಡಿಯ ಒಂದು ಕಡೆ ತಲೆ, ಇನ್ನೊಂದು ಕಡೆ ಬಾಲ, ನಡುವೆ ಸೊಂಟ. ಅಳಿಯನ ಜಗಲಿಯ ಚಿತ್ರ.

ಆಮೇಲೆ ನಾನು ಹುಡುಕಿ ಓದಿದೆ. ನಾನು ಮಾಡಿದ ತಪ್ಪಿಗೆ ದೊಡ್ಡ ವಂಶವೇ ಇತ್ತು. ನ್ಯೂಯಾರ್ಕಿನ ಮ್ಯೂಸಿಯಂನಲ್ಲಿ 1915ರಲ್ಲಿ ಟಿ-ರೆಕ್ಸಿನ ಅಸ್ಥಿಪಂಜರವನ್ನು ನಾನು ಬರೆದ ಹಾಗೆಯೇ, ಬಾಲವನ್ನು ನೆಲಕ್ಕೆ ಊರಿಸಿ ನಿಲ್ಲಿಸಿದ್ದರು. ಅದನ್ನು ಬಿಚ್ಚಿ ಬೆನ್ನು ಅಡ್ಡ ಮಾಡಿ ಮತ್ತೆ ಜೋಡಿಸಿದ್ದು 1990ರ ದಶಕದಲ್ಲಿ. ನಾನು ಚಿಕ್ಕವನಿದ್ದಾಗ ನೋಡಿದ ಮಕ್ಕಳ ವಿಶ್ವಕೋಶದ ಚಿತ್ರ ಹಳೆಯ ಭಂಗಿಯದು. ‘ಜುರಾಸಿಕ್ ಪಾರ್ಕ್’ ಸಿನಿಮಾದಲ್ಲಿ ಹೊಸ ಭಂಗಿ ಕಂಡಿದ್ದೆ ನಿಜ, ಆದರೆ ಆಗ ನನ್ನ ಕಣ್ಣೆಲ್ಲ ಅದರ ಹಲ್ಲಿನ ಮೇಲಿತ್ತು.

ಇಗ್ವಾನೊಡಾನಿನ ಕತೆ ಇನ್ನೂ ಚೆನ್ನಾಗಿದೆ. 1854ರಲ್ಲಿ ಲಂಡನ್ನಿನಲ್ಲಿ ವಾಟರ್‌ಹೌಸ್ ಹಾಕಿನ್ಸ್ ಎಂಬ ಶಿಲ್ಪಿ ಅದರ ದೊಡ್ಡ ಪ್ರತಿಮೆ ಮಾಡಿದಾಗ, ಸಿಕ್ಕಿದ್ದ ಒಂದು ಮೊನಚು ಮೂಳೆಯನ್ನು ಮೂಗಿನ ಮೇಲೆ ಕೊಂಬಾಗಿ ಇಟ್ಟ. 1878ರಲ್ಲಿ ಬೆಲ್ಜಿಯಮ್ಮಿನ ಬರ್ನಿಸಾರ್ ಗಣಿಯಲ್ಲಿ ಇಡೀ ಅಸ್ಥಿಪಂಜರಗಳು ಸಿಕ್ಕ ಮೇಲೆ ಅದು ಕೊಂಬಲ್ಲ, ಹೆಬ್ಬೆರಳು ಎಂದು ಗೊತ್ತಾಯಿತು. ತಿದ್ದಿದವನು ಲೂಯಿ ಡೊಲ್ಲೊ. ಆದರೆ ತಿದ್ದುವಾಗ ಅವನು ಕಾಂಗರೂವಿನ ಮಾದರಿ ಮುಂದಿಟ್ಟುಕೊಂಡು ಪ್ರಾಣಿಯನ್ನು ಎದ್ದು ನಿಲ್ಲಿಸಿದ. ಬಾಲ ಹಾಗೆ ಬಾಗಬೇಕಾದರೆ ಮೂಳೆಯ ಕೀಲೇ ತಪ್ಪಬೇಕು ಎಂದು ಡೇವಿಡ್ ನಾರ್ಮನ್ ತೋರಿಸಿದ್ದು 1980ರಲ್ಲಿ. ತಿದ್ದಿದವನನ್ನು ತಿದ್ದಲು ನೂರು ವರ್ಷ.

ಇವೆಲ್ಲ ನನಗೆ ಸಮಾಧಾನವನ್ನೇ ಕೊಟ್ಟವು. ಸಮಾಧಾನ ಹೋದದ್ದು ಇನ್ನೊಂದು ಸಾಲು ಓದಿದಾಗ. ಡೈನೋಸಾರುಗಳು ನಡೆದುಹೋದ ಹೆಜ್ಜೆಗುರುತುಗಳು ಕಲ್ಲಾಗಿ ಎಷ್ಟೋ ಕಡೆ ಸಿಕ್ಕಿವೆ. ಅವುಗಳ ನಡುವೆ ಬಾಲ ಎಳೆದ ಗುರುತು ತೀರಾ ಅಪರೂಪ. ಬಾಲ ನೆಲಕ್ಕೆ ತಾಗುತ್ತಿರಲಿಲ್ಲ ಎನ್ನಲು ಅದೊಂದು ಮುಖ್ಯ ಸಾಕ್ಷಿ. ಮುಳ್ಳು ಚುಚ್ಚಲ್ವಾ ಎಂದು ಹುಡುಗ ಕೇಳಿದ್ದೂ ಅದನ್ನೇ: ಬಾಲ ಎಳಕೊಂಡು ನಡೆದರೆ ನೆಲಕ್ಕೂ ಬಾಲಕ್ಕೂ ಏನಾಗುತ್ತದೆ? ನಾವು ಮೂರು ಜನ ದೊಡ್ಡವರು ಅದಕ್ಕೆ ನಕ್ಕಿದ್ದೆವು.

ಮುಂದಿನ ಶನಿವಾರವೇ ಆನಗೋಡಿಗೆ ಹೋದೆ. ‘ನಾನು ಅವತ್ತು ಬರೆದಿದ್ದು ತಪ್ಪು ಕಣೋ, ನಿಂದೇ ಸರಿ’ ಅಂದೆ. ಅವನು ಕೋಳಿಗೆ ಮೆಕ್ಕೆಜೋಳ ಹಾಕುತ್ತಲೇ ‘ಹ್ಞೂಂ’ ಅಂದ. ಅಷ್ಟೇ. ನಾನು ಇನ್ನೇನಾದರೂ ಹೇಳುತ್ತಾನೆಂದು ನಿಂತೇ ಇದ್ದೆ.

ಆರನೇ ಪುಸ್ತಕದಿಂದ ಡೈನೋಸಾರುಗಳು ವಾಪಸ್ಸು ಬಂದಿವೆ, ಕೋಳಿಯ ಕಾಲಿನ ಮೇಲೆ. ಪಾದ ಈಗ ನೆಲದಲ್ಲಿ ಸ್ವಲ್ಪ ಹೂತಿರುತ್ತದೆ, ಕೆಳಗೆ ನೆರಳಿದೆ. ಕತ್ತಿನ ಮಡಿಕೆಗಳು ಎಮ್ಮೆಯವು. ಕಣ್ಣಿನ ಸುತ್ತಲಿನ ಚರ್ಮ ಬೇಲಿಯ ಓತಿಕ್ಯಾತದ್ದು. ಮೈಯ ಭಾರ ನೋಡಲು ಊರ ಪಕ್ಕದ ಕಿರು ಮೃಗಾಲಯಕ್ಕೆ ಹೋಗಿ ಕರಡಿ ನಡೆಯುವುದನ್ನು ಬರೆದುಕೊಂಡು ಬರುತ್ತಿದ್ದ. ಅಮೆರಿಕದ ಚಾರ್ಲ್ಸ್ ನೈಟ್ ಮಾಡುತ್ತಿದ್ದದ್ದೂ ಅದನ್ನೇ ಎಂದು ಅವನಿಗೆ ನಾನೇ ಹೇಳಿದೆ. ಬಾಲ್ಯದಲ್ಲಿ ಕಲ್ಲೇಟಿನಿಂದ ಒಂದು ಕಣ್ಣಿಗೆ ಪೆಟ್ಟಾಗಿ, ಕಡೆಗೆ ನೋಟವೇ ಮಸುಕಾಗಿದ್ದ ಆ ಕಲಾವಿದ ನ್ಯೂಯಾರ್ಕಿನ ಮೃಗಾಲಯದಲ್ಲಿ ಜೀವಂತ ಪ್ರಾಣಿಗಳನ್ನು ಬರೆದು ಬರೆದು, ಆಮೇಲೆ ಅಳಿದ ಪ್ರಾಣಿಗಳಿಗೆ ಕೈ ಹಾಕಿದವನು. ಎಂಟನೇ ವಯಸ್ಸಿನಲ್ಲಿ ಪುಸ್ತಕದ ಅಗಲ ಸಾಲದೆ ಅಡ್ಡ ಬರೆದು ಸರಿಯಾಗಿದ್ದ ಟಿ-ರೆಕ್ಸನ್ನು, ಸೊಂಟದ ಮೇಲೆ ತೂಕ ಲೆಕ್ಕ ಹಾಕಿ ಅಡ್ಡ ಬರೆಯಲು ಅವನಿಗೆ ಇನ್ನೂ ಮೂರು ವರ್ಷ ಹಿಡಿಯಿತು. ಪಕ್ಕಪಕ್ಕ ಇಟ್ಟರೆ ಎರಡೂ ಒಂದೇ ಭಂಗಿ. ಎರಡನೆಯದು ಬೀಳುವುದಿಲ್ಲ.

2019ರಲ್ಲಿ ಮದುವೆಯೊಂದಕ್ಕೆ ಹೈದರಾಬಾದಿಗೆ ಹೋದಾಗ ಅವನನ್ನು ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದೆ. ಅಲ್ಲಿ ಕೋಟಾಸಾರಸ್ ನಿಂತಿದೆ. ತೆಲಂಗಾಣದ ಯಾಮನಪಲ್ಲಿಯಲ್ಲಿ ಸಿಕ್ಕ, ನಲವತ್ತು ಅಡಿಗೂ ಉದ್ದದ ಸಸ್ಯಾಹಾರಿ. ಮದುವೆಯ ಊಟ ತಪ್ಪಿತು. ಅವನು ಅದರ ಮುಂದೆ ಎರಡೂವರೆ ತಾಸು ನೆಲದ ಮೇಲೆ ಕೂತು ಬರೆದ. ಅದು ಒಂದೇ ಪ್ರಾಣಿಯಲ್ಲ, ಹನ್ನೆರಡಾದರೂ ಪ್ರಾಣಿಗಳ ಮೂಳೆಗಳು ಅಲ್ಲಿ ಸಿಕ್ಕಿದ್ದವು. ತಲೆಬುರುಡೆ ಮಾತ್ರ ಸಿಕ್ಕಿಲ್ಲ, ಎರಡು ಹಲ್ಲು ಬಿಟ್ಟರೆ. ಆ ವಿಷಯ ಊರಿಗೆ ಬಂದ ಮೇಲೆ ಓದಿಕೊಂಡ. ಒಂಬತ್ತನೇ ಪುಸ್ತಕದಲ್ಲಿ ಅದರ ಶುದ್ಧಪ್ರತಿ ಇದೆ. ಒಂದೊಂದು ಬೆನ್ನುಮೂಳೆಯೂ ಗಟ್ಟಿ ಗೆರೆಯಲ್ಲಿ. ಕತ್ತಿನ ತುದಿಗೆ ಬಂದಾಗ ಗೆರೆ ಚುಕ್ಕೆಚುಕ್ಕೆಯಾಗುತ್ತದೆ. ತಲೆಯಿರಬೇಕಾದ ಜಾಗದಲ್ಲಿ ಚುಕ್ಕೆಗಳ ಒಂದು ಆಕಾರ, ಅದರೊಳಗೆ ಎರಡೇ ಎರಡು ಹಲ್ಲು ಗಟ್ಟಿ ಗೆರೆಯಲ್ಲಿ.

ಡ್ರಾಯಿಂಗ್ ಮೇಷ್ಟ್ರಾಗಿ ಹೇಳುತ್ತೇನೆ, ಇಡೀ ಟ್ರಂಕಿನಲ್ಲಿ ಅವನ ಕೈ ದೊಡ್ಡದಾದದ್ದು ಆ ಪುಟದಲ್ಲಿ. ನೆರಳು, ಭಾರ, ಚರ್ಮ ಇವೆಲ್ಲ ಅಭ್ಯಾಸದಿಂದ ಬರುತ್ತವೆ, ನಾನೂ ಕಲಿಸಬಲ್ಲೆ. ಗೊತ್ತಿರುವಲ್ಲಿ ಗಟ್ಟಿ ಗೆರೆ, ಗೊತ್ತಿಲ್ಲದಲ್ಲಿ ಚುಕ್ಕೆ ಎನ್ನುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ನಾಲ್ಕನೇ ಪುಸ್ತಕದ ಕೆಂಪು ಗೆರೆ ಎಷ್ಟು ಗಟ್ಟಿಯಾಗಿದೆಯೆಂದರೆ ಹಿಂದಿನ ಹಾಳೆಯಲ್ಲೂ ಅಚ್ಚು ಮೂಡಿದೆ.

ಏರುತ್ತಲೇ ಹೋದ ಅಂತ ಹೇಳುವಂತಿಲ್ಲ. ಲಾಕ್‌ಡೌನಿನ ಎರಡು ಪುಸ್ತಕ ನನಗೆ ಅಷ್ಟು ಹಿಡಿಸುವುದಿಲ್ಲ. ಆನ್‌ಲೈನ್ ಕ್ಲಾಸಿಗೆಂದು ಮೊಬೈಲು ಕೈಗೆ ಬಂತು, ಚೀನಾದಲ್ಲಿ 1996ರಲ್ಲಿ ಗರಿಯಂಥ ರೋಮದ ಡೈನೋಸಾರ್ ಸಿಕ್ಕ ಸುದ್ದಿ ಓದಿದ, ಎಲ್ಲದಕ್ಕೂ ಗರಿ ಹಚ್ಚಿದ. ಟಿ-ರೆಕ್ಸು ಹಬ್ಬಕ್ಕೆ ಹೊರಟ ಹುಂಜದಂತಿದೆ. ಟಿ-ರೆಕ್ಸಿನ ಚರ್ಮದ ಅಚ್ಚುಗಳಲ್ಲಿ ಹುರುಪೆಗಳೇ ಇವೆ ಎಂದು 2017ರಲ್ಲೇ ಪ್ರಕಟವಾಗಿತ್ತು. ಅದು ಅವನ ಕಣ್ಣಿಗೆ ಬಿದ್ದದ್ದು ತಡವಾಗಿ. ಆ ಚಿತ್ರಗಳ ಕೆಳಗೆ ಅವನೇ ಪೆನ್ಸಿಲಿನಲ್ಲಿ ‘ಅತಿ ಆಯ್ತು’ ಎಂದು ಬರೆದಿದ್ದಾನೆ. ಇನ್ನೊಂದು ಮಾತು: ಆ ಕೆಂಪು ಬಸ್ಸು, ಸೂರ್ಯ, ಅಕ್ಕನ ಮನೆ ಮೂರನೇ ಪುಸ್ತಕದ ಆಚೆ ಎಲ್ಲೂ ಇಲ್ಲ. ಬಸ್ಸು ಹೋದದ್ದು ನನಗೆ ಈಗಲೂ ಬೇಜಾರು.

ಹಲ್ಲುಗಳೂ ಕಡಿಮೆಯಾಗುತ್ತ ಬಂದಿವೆ. ಟಿ-ರೆಕ್ಸಿನಂಥವುಗಳ ಹಲ್ಲನ್ನು ತುಟಿ ಮುಚ್ಚಿರುತ್ತಿತ್ತು ಎಂಬ ವಾದ 2023ರಲ್ಲಿ ಬಂದ ಮೇಲೆ ಹದಿಮೂರನೇ ಪುಸ್ತಕದ ಟಿ-ರೆಕ್ಸು ಬಾಯಿ ಮುಚ್ಚಿಕೊಂಡು, ಸಂಜೆಯ ಬಿಸಿಲಲ್ಲಿ ಸುಮ್ಮನೆ ಮಲಗಿದೆ. ಒಂದೂ ಹಲ್ಲು ಕಾಣುವುದಿಲ್ಲ. ನನಗೆ ಹೆದರಿಕೆಯಾದದ್ದು ಅದೊಂದನ್ನು ನೋಡಿದಾಗ.

ಅವನೀಗ ದಾವಣಗೆರೆಯಲ್ಲಿ ಪಿಯುಸಿ ಸೈನ್ಸು. ಸುಣ್ಣದ ಬಕೆಟ್ಟು ಹಿಡಿದುಕೊಂಡೇ ಅಕ್ಕ ಹೇಳಿದಳು, ‘ಇನ್ನೆರಡು ವರ್ಷ ಈ ಚಿತ್ರ ಗಿತ್ರ ಬಿಟ್ಟು ನೀಟ್ ಓದ್ಕ ಅಂತ ಹೇಳು ತಮ್ಮಾ. ನಿನ್ ಮಾತು ಕೇಳ್ತಾನೆ.’ ಕೇಳುತ್ತಾನೆ ಎಂಬುದೇ ನನಗಿರುವ ಭಯ. ಆ ಬೋರಿನ ಸಾಲ ಎಷ್ಟು ವರ್ಷ ತೀರಿಸಿದರು ಎಂದೂ ಗೊತ್ತು. ಹಾಗಾಗಿ ಹೇಳುತ್ತೇನೆ ಎನ್ನಲಿಲ್ಲ, ಹೇಳುವುದಿಲ್ಲ ಎನ್ನಲೂ ಇಲ್ಲ.

ಅಷ್ಟರಲ್ಲಿ ಹುಡುಗ ಒಳಗಿನಿಂದ ಹದಿನಾಲ್ಕನೇ ಪುಸ್ತಕ ತಂದ. ಡೈನೋಸಾರಲ್ಲ, ಘೇಂಡಾಮೃಗ. ನಮ್ಮ ಗೋಕಾಕದ್ದು. ಗೋಕಾಕದ ಹತ್ತಿರ ಸಿಕ್ಕ ಪಳೆಯುಳಿಕೆಗಳನ್ನು ನೋಡಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ‘ರೈನಾಸರಸ್ ಡೆಕ್ಕನೆನ್ಸಿಸ್’ ಎಂದು ಹೆಸರಿಟ್ಟ ಪ್ರಾಣಿ. ‘ಕೊನೆಗೂ ನಮ್ ಕಡೇದು ಒಂದು ಸಿಕ್ತು ಮಾಮ’ ಅಂದ. ಮುಖದ ಮೇಲೆ ಕೊಂಬು ಚುಕ್ಕೆಗೆರೆಯಲ್ಲಿತ್ತು. ಕೊಂಬಿನಲ್ಲಿ ಮೂಳೆಯಿರುವುದಿಲ್ಲ, ನಮ್ಮ ಉಗುರಿನಂಥ ವಸ್ತು, ಸಾಮಾನ್ಯವಾಗಿ ಮಣ್ಣಲ್ಲಿ ಉಳಿಯುವುದಿಲ್ಲ ಎಂದು ವಿವರಿಸಿದ. ಪ್ರತಿ ಚಿತ್ರದ ಮೂಲೆಯಲ್ಲಿ ತಾರೀಕು, ಅದರ ಕೆಳಗೆ ‘ಈವರೆಗಿನ ಊಹೆ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದ. ಎಲ್ಲ ಚಿತ್ರಕ್ಕೂ ಹಾಗೆ ಹಾಕುತ್ತಿದ್ದಾನಂತೆ, ಹಳೆಯವಕ್ಕೂ.

ನನ್ನ ಮಡಿಲಲ್ಲಿ ಬಿಚ್ಚಿಟ್ಟುಕೊಂಡಿದ್ದ ನಾಲ್ಕನೇ ಪುಸ್ತಕ ನೋಡಿದ. ಕೆಂಪು ಪ್ರಾಣಿಯ ಮೇಲೆ ಬೆರಳಿಟ್ಟು, ‘ಇದಕ್ಕೆ ಡೇಟ್ ಹಾಕಿಲ್ಲ ಮಾಮ. ನಿಂದಲ್ವಾ, ನೀನೇ ಹಾಕು’ ಎಂದು ತನ್ನ ಪೆನ್ಸಿಲ್ಲು ಕೊಟ್ಟ.

ಬಾಲ ನೆಲ ಮುಟ್ಟಿದ ಜಾಗದ ಕೆಳಗೆ 2016, ದಸರಾ ಎಂದು ಬರೆದೆ. ಅದರ ಕೆಳಗೆ ಅವನು ಹೇಳಿಕೊಟ್ಟ ಎರಡು ಪದವನ್ನೂ ಬರೆದು ಪುಸ್ತಕ ಟ್ರಂಕಿಗೆ ಹಾಕಿದೆ. ಅಕ್ಕ ಒಳಗಿನಿಂದ, ‘ಟ್ರಂಕು ಮೇಲಿಡೋಕೆ ಏಣಿ ಹಿಡ್ಕ ಬಾರೋ ತಮ್ಮಾ’ ಎಂದು ಕೂಗಿದಳು.